ಹೆಸರಿಲ್ಲದ ಚೌಕ

ಹಿತ್ತಲಿನ ಕಟ್ಟಿಗೆ ರಾಶಿಯ ಕಡೆಯಿಂದ ತಾಯಿ ‘ಹಾವು’ ಎಂದು ಚೀರಿದ್ದು ಕೇಳಿ ರೇಷ್ಮಾ ಗೋಡೆ ಸವರಿಕೊಂಡು ಓಡಿದಳು. ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಕಚ್ಚಿದ ಹಾವು ಹರಿದುಹೋಯಿತೋ, ಇನ್ನೂ ಅಲ್ಲೇ ಇದೆಯೋ ತಿಳಿಯಲಿಲ್ಲ. ತಾಯಿ ಮರಿಯವ್ವ ಕಾಲು ಹಿಡಿದುಕೊಂಡು ಕುಸಿದಿದ್ದಳು. ಆಂಬುಲೆನ್ಸ್ ದೂರದ ಊರಿಗೆ ಹೋಗಿತ್ತು. ಓಣಿಯ ಫಕ್ಕೀರಪ್ಪ ತನ್ನ ಟಂಟಂ ಗಾಡಿ ತಂದು ಇಬ್ಬರನ್ನೂ ಹತ್ತಿಸಿಕೊಂಡು ಹಿರೇವಡ್ಡಟ್ಟಿ ದಾಟಿದ.

“ಕ್ರಾಸಿಗೆ ಬರೂದ್ರಾಗ ಹೇಳವಾ,” ಎಂದ. ಎಡಕ್ಕೆ ಹೊರಳಿದರೆ ಹತ್ತಿರದ ದವಾಖಾನೆ, ಬಲಕ್ಕೆ ಗದಗ. ಹಾವಿನ ಔಷಧಿ ಇಲ್ಲದ ಕಡೆ ಹೋದರೆ ಅಲ್ಲಿಂದ ಮತ್ತೆ ತಿರುಗಬೇಕು. ಅಷ್ಟು ಹೊತ್ತು ತಾಯಿ ತಡೆಯುವಳೇ?

ಯಾವ ದವಾಖಾನೆಯಲ್ಲಿ ಇವತ್ತು ಆ ಔಷಧಿ ಇದೆ ಎಂದು ತಿಳಿಸುವ ಜಾಲಪುಟವೊಂದನ್ನು ಬೆಟಗೇರಿಯ ಯುವಕರ ಸಂಘ ನಡೆಸುತ್ತಿತ್ತು. ರೇಷ್ಮಾ ಅದನ್ನು ತೆರೆದಳು. ಪರದೆಯ ಮೇಲಿದ್ದುದನ್ನು ಅವಳ ಫೋನು ಓದಿ ಹೇಳುತ್ತಿತ್ತು. ಸರಿಯಾಗಿ ಕಟ್ಟಿದ ಪುಟವಾದರೆ ಬೆರಳು ಒಮ್ಮೆ ಜಾರಿಸಿದರೆ ಸಾಕು, ಬೇಡದ್ದನ್ನೆಲ್ಲ ಹಾರಿ ಮುಖ್ಯ ವಿಷಯದ ಹೆಡಿಂಗಿಗೆ ಹೋಗಿ ನಿಲ್ಲುತ್ತಿತ್ತು. ಇಲ್ಲಿ ಜಾರಿಸಿದಳು. ಹೆಡಿಂಗ್ ಇಲ್ಲ ಎಂದಿತು ಫೋನು. ಮತ್ತೆ ಜಾರಿಸಿದಳು, ಅದೇ ಮಾತು. ವಿಧಿಯಿಲ್ಲದೆ ಮೊದಲಿನಿಂದ ಕೇಳತೊಡಗಿದಳು: ಸಂಘದ ಧ್ಯೇಯ, ಅಧ್ಯಕ್ಷರ ನುಡಿ, ರಕ್ತದಾನ ಶಿಬಿರದ ಚಿತ್ರ, ಸಸಿ ನೆಟ್ಟ ಚಿತ್ರ. ರಸ್ತೆಯ ತಗ್ಗು ತಪ್ಪಿಸಿ ಗಾಡಿ ಓಡಿಸುತ್ತಿದ್ದ ಫಕ್ಕೀರಪ್ಪನಿಗೆ ಇತ್ತ ನೋಡುವ ಹಾಗಿರಲಿಲ್ಲ.

ತೊಡೆಯ ಮೇಲೆ ತಲೆಯಿಟ್ಟಿದ್ದ ತಾಯಿಯ ಮಾತು ತೊದಲತೊಡಗಿತು. “ನಾಲಿಗಿ ಹೊಳ್ಳವಲ್ದು, ರೇಷ್ಮಾ.” ಕಣ್ಣು ತೆರೆ ಎಂದು ಹೇಳಿ ರೇಷ್ಮಾ ಮುಟ್ಟಿ ನೋಡಿದಳು. ರೆಪ್ಪೆಗಳು ಬೆರಳ ಕೆಳಗೆ ನಡುಗಿದವು, ಮೇಲೇಳಲಿಲ್ಲ. ಫೋನಿನ ದನಿ ಏರಿಳಿತವಿಲ್ಲದೆ ಸಂಘದ ಸದಸ್ಯರ ಹೆಸರು ಓದುತ್ತಲೇ ಇತ್ತು.

ಕ್ರಾಸಿನಲ್ಲಿ ಗಾಡಿ ನಿಂತಿತು. “ನೀನ ನೋಡ ಕಾಕಾ,” ಎಂದು ಪರದೆಯ ಬೆಳಕು ಹೆಚ್ಚಿಸಿ ಫೋನು ಚಾಚಿದಳು.

“ಇಲ್ಲೇ ಮ್ಯಾಲ ಕೆಂಪಕ್ಷರದಾಗ ಬರದಾರಲ್ಲವಾ. ಹತ್ರದ ದವಾಖಾನ್ಯಾಗ ಇಲ್ಲ. ಗದಗಿನ್ಯಾಗ ಐತಿ.” ಫಕ್ಕೀರಪ್ಪನಿಗೆ ಉಸಿರು ಎಳೆದುಕೊಳ್ಳುವಷ್ಟು ಹೊತ್ತೂ ಹಿಡಿದಿರಲಿಲ್ಲ. ಗಾಡಿ ಬಲಕ್ಕೆ ಹೊರಳಿತು.

ಗದಗ ಮುಟ್ಟುವಾಗ ಮರಿಯವ್ವನ ಉಸಿರು ಅರ್ಧಕ್ಕೆ ಇಳಿದಿತ್ತು. ದವಾಖಾನೆಯಲ್ಲಿ ಔಷಧಿ ಕೊಟ್ಟು, ಉಸಿರಾಟದ ಯಂತ್ರ ಹಚ್ಚಿ ಉಳಿಸಿಕೊಂಡರು. ತಾಯಿ ಮನೆಗೆ ಬಂದ ಮೇಲೆ ರೇಷ್ಮಾ ಆ ಪುಟ ಕಟ್ಟಿದ ಮೌನೇಶನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಅವನು ಗಾಬರಿಯಾದ. ಎಲ್ಲಕ್ಕಿಂತ ಮೇಲೆ, ಕೆಂಪು ಚೌಕದಲ್ಲಿ, ದೊಡ್ಡದಾಗಿ ಕಾಣುವಂತೆ ಹಾಕಿದ್ದೇನಲ್ಲ ಎಂದ. ಕಣ್ಣಿಗೇನೋ ಮೇಲೆ ಕಾಣುತ್ತಿತ್ತು; ಫೋನು ಓದುವ ಒಳಗಿನ ಕೋಡಿನಲ್ಲಿ ಅವನು ಅದನ್ನು ಎಲ್ಲದರ ಕೊನೆಗೆ ಬರೆದಿದ್ದ.

“ನನ್ನ ಫೋನಿಗೆ ಕೆಂಪು, ದೊಡ್ಡದು ಏನೂ ತಿಳಿಯಂಗಿಲ್ಲಪಾ,” ಎಂದಳು ರೇಷ್ಮಾ. “ಇದು ಹೆಡಿಂಗ್, ಇದು ಮುಖ್ಯ ಭಾಗ ಅಂತ ನೀ ಟ್ಯಾಗ್ ಹಾಕಿದ್ರ ಅದು ನನ್ನ ಸೀದಾ ಅಲ್ಲಿಗೆ ಒಯ್ತೈತಿ. ನೀ ಎಲ್ಲಾ ಹೆಸರಿಲ್ಲದ ಚೌಕ ಮಾಡಿ ಇಟ್ಟೀದಿ. ಅಧ್ಯಕ್ಷರ ಮಾತೂ ಒಂದ, ಹಾವಿನ ಔಷಧಿನೂ ಒಂದ ಆತು.”

ಮರುದಿನ ಮಧ್ಯಾಹ್ನ ಮೌನೇಶನೇ ಫೋನು ಮಾಡಿದ. ಟ್ಯಾಗುಗಳನ್ನು ಬದಲಿಸಿ, ಆ ಚೌಕವನ್ನು ಒಳಗೂ ಮೊದಲಿಗೆ ತಂದಿದ್ದೇನೆ, ನೋಡಿ ಹೇಳಿರಿ ಎಂದ. ರೇಷ್ಮಾ ಮಾತಿನ ನಡುವೆಯೇ ಪುಟ ತೆರೆದು ಬೆರಳು ಜಾರಿಸಿದಳು. ಇಂದು ಔಷಧಿ ಇರುವ ದವಾಖಾನೆಗಳು, ಹೆಡಿಂಗ್, ಎಂದಿತು ಫೋನು, ಒಂದೇ ಸಲಕ್ಕೆ.

“ಬಂತು,” ಎಂದಳು.

ಅವನು ಸಣ್ಣ ದನಿಯಲ್ಲಿ ಕೇಳಿದ: “ಅಕ್ಕಾರ, ನೀವು ಫೋನ್ ಮಾಡಿ ಹೇಳಿದ್ರಿ. ನಿಮ್ಮಂಗ ಈ ಪುಟಾ ಕೇಳಿ ಕೇಳಿ, ಔಷಧಿ ಎಲ್ಲೈತಿ ತಿಳೀಲಾರ್ದ ಎಡಕ್ಕ ಹೊಳ್ಳಿದೋರು ಯಾರರ ಇದ್ದಾರೇನ್ರಿ?”