ಒಂದೇ ತೋಳಿನ ಕೋಟು

"ಆ ಹೆಸರಿನವರು ಯಾರೂ ನಮ್ಮಲ್ಲಿ ಕೆಲಸ ಮಾಡಲ್ಲ ಸಾರ್" ಎಂದು ಟೈಲರ್ ಅಂಗಡಿಯ ಯಜಮಾನ ಬ್ಯಾಂಕಿನವರಿಗೆ ಫೋನಿನಲ್ಲಿ ಹೇಳಿದಾಗ, ಆ ಹೆಸರಿನವಳು ಎರಡೇ ಮಾರು ದೂರದಲ್ಲಿ ಕೂತು ಮದುಮಗನ ಕೋಟಿಗೆ ಒಂದು ತೋಳು ಕೂಡಿಸಿ ಮುಗಿಸಿದ್ದಳು.

ಮೊದಲ ಕ್ರೆಡಿಟ್ ಕಾರ್ಡಿಗೆ ಅವಳು ಅರ್ಜಿ ಹಾಕಿದ್ದಳು. "ಎಲ್ಲೂ ಸಾಲವೇ ಮಾಡದೋರನ್ನ ಹೇಗಮ್ಮಾ ನಂಬೋದು?" ಎಂದು ಬ್ಯಾಂಕಿನವರು ಕೇಳಿದ್ದಕ್ಕೆ, ಹನ್ನೆರಡು ವರ್ಷ ದುಡಿದ ಈ ಅಂಗಡಿಯ ನಂಬರನ್ನು ಧೈರ್ಯವಾಗಿ ಬರೆದುಕೊಟ್ಟಿದ್ದಳು.

ಯಜಮಾನ ಫೋನಿಟ್ಟು ಹಲ್ಲುಕಿರಿದ. "ತಪ್ಪು ತಿಳೀಬೇಡಮ್ಮಾ. ನಿನ್ನನ್ನ ಕೆಲಸದೋಳು ಅಂತ ತೋರಿಸಿದ್ರೆ ನಂಗೆ ನೂರೆಂಟು ತಾಪತ್ರಯ. ಮನೆ ಮಗಳ ಥರಾನೇ ಅಲ್ವಾ ನೀನು?"

ಅವಳು ತುಟಿಯ ನಡುವೆ ಕಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟು ಎದ್ದಳು.

"ಅಯ್ಯೋ, ಸಂಜೆಗೆ ಕೋಟು ಕೊಡ್ಬೇಕು! ಇನ್ನೊಂದು ತೋಳು?"

"ನಿಮ್ಮಲ್ಲಿ ಕೆಲಸ ಮಾಡೋರು ಯಾರಾದ್ರೂ ಇದ್ರೆ ಹೊಲೀಲಿ ಬಿಡಿ, ಅಣ್ಣ."