ಓಡದ ಸಾಲು

"ನೂರಕ್ಕೆ ನೂರು ಬಂದಿರೋ ವರದಿಗೆ ಕಲ್ಲು ಹಾಕ್ತೀಯಲ್ಲೇ," ಎಂದು ಅಣ್ಣ ಕುರ್ಚಿ ತಿರುಗಿಸಿದ.

ನಾಲ್ಕು ಗಂಟೆಗೆ ಲಿಫ್ಟ್ ಕಂಪನಿಗೆ ವರದಿ ಹೋಗಬೇಕಿತ್ತು. ಲಿಫ್ಟ್ ನಡೆಸುವ ಪ್ರೋಗ್ರಾಮಿನ ಪ್ರತಿ ಸಾಲೂ ಪರೀಕ್ಷೆಯಲ್ಲಿ ಒಮ್ಮೆಯಾದರೂ ಓಡಿದೆ ಎಂದು, ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಪರದೆ ತುಂಬ ಹಸಿರು ಬಳಿದಿತ್ತು. ಆ ಎಣಿಕೆಯ ಭಾಗವನ್ನು ಏಳು ವರ್ಷದ ಹಿಂದೆ ಬರೆದವನು ಅಣ್ಣನೇ. ಅದು ತಪ್ಪೆಂದು ತಂಗಿ ಎರಡು ಸಲ ತಿದ್ದುಪಡಿ ಕಳಿಸಿದ್ದಳು. ಎರಡು ಸಲವೂ ಓದದೆ ಪಕ್ಕಕ್ಕೆ ಸರಿಸಿದ್ದ.

ಅವಳ ತಕರಾರು ಇಷ್ಟೆ. ಅಸಿಂಕ್ ಫಂಕ್ಷನ್‌ಗಳು ಎಂಬ ಪ್ರೋಗ್ರಾಮಿನ ತುಣುಕುಗಳು ಕರೆದ ಕೂಡಲೇ ಕೆಲಸಕ್ಕೆ ಕೈಹಚ್ಚುವುದಿಲ್ಲ. ಮಾಡುತ್ತೇನೆಂದು ಮಾತು ಕೊಟ್ಟು ಸುಮ್ಮನೆ ಕೂರುತ್ತವೆ. ಯಾರಾದರೂ ಮುಂದೆ ನಿಂತು ಕಾದರೆ ಮಾತ್ರ ಏಳುತ್ತವೆ. ಅಣ್ಣನ ಕಂಪೈಲರ್ ಮಾತು ಕೊಟ್ಟದ್ದನ್ನೇ ಮಾಡಿದ್ದೆಂದು ಎಣಿಸುತ್ತಿತ್ತು. ತುರ್ತು ಬ್ರೇಕಿನ ಫಂಕ್ಷನ್ ಅಂಥದ್ದೇ. ಪರೀಕ್ಷೆ ಸಿದ್ಧಪಡಿಸಿದವರು ಅದನ್ನು ಕರೆದಿದ್ದರು, ಕಾಯುವುದನ್ನು ಮರೆತಿದ್ದರು.

"ಏಳು ವರ್ಷ ಯಾರ ಕಣ್ಣಿಗೂ ಬೀಳದ್ದು ನಿಂಗೆ ಬಿತ್ತು. ಊರಿಗೆಲ್ಲ ಒಬ್ಬಳೇ ಜಾಣೆ."

ತಂಗಿಗೆ ವಾದ ಬಾರದು. ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡು, ಬ್ರೇಕ್ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಇಡೀ ಪ್ರೋಗ್ರಾಮನ್ನು ಕೆಡವುವ ಆಜ್ಞೆ ಬರೆದಳು. ಅದು ಓಡಿದರೆ ಎಲ್ಲವೂ ಮಗುಚಬೇಕು. ಪರೀಕ್ಷೆ ಶುರುಮಾಡಿದಳು. ಏನೂ ಮಗುಚಲಿಲ್ಲ. ಪರೀಕ್ಷೆ ಪಾಸಾಯಿತು, ಆ ಸಾಲಿಗೂ ಹಸಿರು ಬಿತ್ತು.

ಅಣ್ಣ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಇನ್ನೊಮ್ಮೆ ಓಡಿಸಲು ಹೇಳಿದ. ಮತ್ತೆ ಹಸಿರೇ. ಅವನ ಮುಖದ ಬಿಗಿ ಸಡಿಲಿತು.

"ನಿಂದನ್ನ ಹಾಕು," ಎಂದ.

ಅವಳು ಆ ಸಾಲನ್ನು ಅಳಿಸಿ ತನ್ನ ಕಂಪೈಲರನ್ನು ಹಾಕಿದಳು. ಎಣಿಕೆಯನ್ನು ಕರೆ ಬರುವ ಹೊಸ್ತಿಲಿನಿಂದ ಎಬ್ಬಿಸಿ, ಕೆಲಸ ನಡೆಯುವ ಒಳಮನೆಯಲ್ಲಿ ಕೂರಿಸಿದ್ದಳು. ಈ ಸಲ ಬ್ರೇಕ್ ಫಂಕ್ಷನ್ ಮೇಲಿನಿಂದ ಕೆಳಗಿನವರೆಗೆ ಕೆಂಪಾಯಿತು: ಒಂದು ಸಾಲೂ ಓಡಿಲ್ಲ. ಅದರ ಹಿಂದೆಯೇ ಬಾಗಿಲಿನದು, ಗಂಟೆಯದು. ಅಣ್ಣ ಒಂದೊಂದನ್ನೂ ಓದಿದ. ಬಳಿಕ ಅವಳ ತಿದ್ದುಪಡಿಯ ಕೆಳಗೆ ಒಪ್ಪಿಗೆ ಒತ್ತಿ, ಇನ್ಮೇಲೆ ಎಣಿಕೆ ನಿಂದೇ ಅಂದ.

ಅಷ್ಟರಲ್ಲಿ ಲಿಫ್ಟ್ ಕಂಪನಿಯ ಮ್ಯಾನೇಜರ್ ಫೋನ್ ಮಾಡಿ, ನೂರು ಬಂತಾ ಎಂದು ಕೇಳಿದ. ಅಣ್ಣ ಫೋನನ್ನು ತಂಗಿಯ ಕೈಗಿಟ್ಟ. ಫೋನೆಂದರೆ ಕೋಣೆ ಬಿಟ್ಟು ಹೋಗುವವಳು ಎದ್ದು ನಿಂತಳು.

"ನೂರಲ್ಲ ಸಾರ್, ಎಂಬತ್ತೇಳು," ಎಂದಳು, ಪದಕ ಗೆದ್ದವಳ ದನಿಯಲ್ಲಿ. "ಲಿಫ್ಟಿಗೆ ಇವತ್ತು ಯಾರನ್ನೂ ಹತ್ತಿಸಬೇಡಿ."