ಬಾಡಿಗೆ ಮನೆಯಲ್ಲಿ ಹುರಿದ ಮೀನು

ಕೆಲವು ವಿವರ ತಪ್ಪಿರಬಹುದು. ಆ ಮನೆಯ ಬಾಗಿಲಿನ ಬಣ್ಣವೂ ನೆನಪಿಲ್ಲ. ಆದರೆ ಒಣಮೀನು ಹುರಿಯುವ ವಾಸನೆ ಬಂದರೆ ಇಂದಿಗೂ ಮೈ ಉರಿಯುತ್ತದೆ.

ತೊಂಬತ್ತರ ದಶಕ, ಚಾಮರಾಜನಗರದ ಹೊಸ ಬಡಾವಣೆ. ಮೇಷ್ಟ್ರಾಗಿದ್ದ ಅಪ್ಪ ಮೀನು, ಮಾಂಸ ಬೇಯಿಸುವುದಿಲ್ಲ ಎಂದು ಒಪ್ಪಿಯೇ ಬಾಡಿಗೆ ಮನೆ ಹಿಡಿದಿದ್ದ. ನಮ್ಮ ಹಳ್ಳಿ ಉಡಿಗಾಲದಿಂದ ಬಂದ ಅವನ ತಾಯಿಗೆ ಅದು ಗೊತ್ತಿರಲಿಲ್ಲ. “ನಿಮ್ಮಪ್ಪಂಗೆ ಇಷ್ಟ ಕಣಮ್ಮಿ” ಎನ್ನುತ್ತಾ ಅಜ್ಜಿ ಹೆಂಚಿನ ಮೇಲೆ ಮೀನು ಹುರಿದಳು.

ಓನರಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದರು. “ಏನ್ ಮೇಷ್ಟ್ರೇ, ಇದು ಮನೇನಾ, ಮೀನಂಗಡೀನಾ?”

“ನಾವ್ ತಿನ್ನಲ್ಲಮ್ಮ. ಇವಳು ಊರಿನ ಕೆಲಸದವಳು, ಗೊತ್ತಾಗ್ಲಿಲ್ಲ,” ಅಂದ ಅಪ್ಪ.

ಅಜ್ಜಿ ಮಗನ ಮುಖ ನೋಡಿದಳು. ಆಮೇಲೆ ಓನರಮ್ಮನಿಗೆ ಕೈಮುಗಿದಳು. “ಮೇಷ್ಟ್ರುದೇನೂ ತಪ್ಪಿಲ್ಲ ಕಣವ್ವ.”

ಸಂಜೆ ಅವಳನ್ನು ಬಸ್ ಹತ್ತಿಸಲು ಅಪ್ಪ ಒಬ್ಬನೇ ಹೋದ. ನಾನು ದೊಡ್ಡವಳಾದ ಮೇಲೆ ಅವನನ್ನು ಕೇಳಿದೆ. “ಬಸ್ ಸ್ಟ್ಯಾಂಡಲ್ಲಾದ್ರೂ ಅವಳನ್ನ ಅವ್ವಾ ಅಂತ ಕರೆದ್ಯಾ, ಅಪ್ಪ?”